ಪಾಲಕರ ಸಭೆಯೂ ನಮ್ಮ ಮಾಸ್ತರರೂ

ರೋಣ, ನರಗುಂದ, ಗಜೇಂದ್ರಗಡ ಈ ಮೂರು ತಾಲೂಕುಗಳ ಯಾವುದಾದರೊಂದು ಸರಕಾರಿ ಶಾಲೆಯಲ್ಲಿ ಪಾಲಕರ ಸಭೆ ಕೂಡಿತೆಂದರೆ ಅದರ ನಡಾವಳಿಯು ಬಹುಮಟ್ಟಿಗೆ ಒಂದೇ ಬಗೆಯದಾಗಿರುತ್ತದೆ. ಮುಖ್ಯಾಧ್ಯಾಪಕರು ಮೇಜಿನ ಹಿಂದೆ ಕುಳಿತು ಸುತ್ತೋಲೆಯನ್ನು ಓದುತ್ತಾರೆ. ಬಂದ ಪಾಲಕರು, ಅವರಲ್ಲಿಯೂ ಹೆಚ್ಚಾಗಿ ತಾಯಂದಿರು, ಜಮಖಾನೆಯ ಮೇಲೆ ಕುಳಿತು ಕೇಳುತ್ತಾರೆ. ಠರಾವಿನ ಪುಸ್ತಕವು ಕೈಯಿಂದ ಕೈಗೆ ದಾಟಿ ರುಜುಗಳೂ ಹೆಬ್ಬೆಟ್ಟುಗಳೂ ಬೀಳುತ್ತವೆ. ಚಹವಾದ ಬಳಿಕ ಎಲ್ಲರೂ ಏಳುತ್ತಾರೆ. ಈ ಹೊತ್ತಿನಲ್ಲಿ ಉಳಿದ ಶಿಕ್ಷಕರೆಲ್ಲಿ? ಒಬ್ಬರು ಎರಡು ವರ್ಗಗಳನ್ನು ಕೂಡಿಸಿ ಕಾಯುತ್ತಿರುತ್ತಾರೆ, ಇನ್ನೊಬ್ಬರು ಬಿಸಿಯೂಟದ ಲೆಕ್ಕ ಬರೆಯುತ್ತಿರುತ್ತಾರೆ, ಮತ್ತೊಬ್ಬರು ಬಾಗಿಲ ಬಳಿ ನಿಂತು ಗಡಿಯಾರ ನೋಡುತ್ತಿರುತ್ತಾರೆ. ‘ಪಾಲಕರು ಸಭೆಗೆ ಬರುವುದಿಲ್ಲ’ ಎಂಬ ದೂರನ್ನು ನಾವೆಲ್ಲರೂ ಕೇಳಿದ್ದೇವೆ. ‘ಶಿಕ್ಷಕರು ಬರುತ್ತಾರೆಯೆ?’ ಎಂದು ಕೇಳಿದವರು ವಿರಳ.

ಈ ಪ್ರಶ್ನೆಯನ್ನೆತ್ತುವುದು ಶಿಕ್ಷಕರನ್ನು ಆಕ್ಷೇಪಿಸುವುದಕ್ಕಾಗಿ ಅಲ್ಲ. ಅವರು ಪಾಲಕರ ಕೂಟದಿಂದ ಹಿಂದೆ ಸರಿದುದಕ್ಕೆ ಇತಿಹಾಸದಲ್ಲಿ ಬಲವಾದ ಕಾರಣಗಳಿವೆ. ಆ ಕಾರಣಗಳನ್ನರಿಯದೆ ‘ನೀವೂ ಭಾಗವಹಿಸಿರಿ’ ಎಂದು ಉಪದೇಶಿಸಿದರೆ ಅದು ಮತ್ತೊಂದು ಸುತ್ತೋಲೆಯಾದೀತೇ ಹೊರತು ಪ್ರೋತ್ಸಾಹವಾಗಲಾರದು. ಆದುದರಿಂದ ಮಾಸ್ತರರಿಗೂ ಪಾಲಕರಿಗೂ ಹಿಂದೆ ಇದ್ದ ಸಂಬಂಧವೆಂಥದು, ಅದು ಯಾವಾಗ ಯಾವ ರೀತಿಯಿಂದ ಸಡಿಲವಾಯಿತು ಎಂಬುದನ್ನು ಮೊದಲು ನೋಡತಕ್ಕದ್ದು.

ಸರಕಾರಿ ಶಾಲೆಗಳು ಬರುವ ಮೊದಲು ಕನ್ನಡ ನಾಡಿನಲ್ಲಿ ಅಕ್ಷರವನ್ನು ಕಲಿಸುತ್ತಿದ್ದವು ಐಗಳ ಮಠಗಳು. ನಮ್ಮ ಭಾಗದ ಜನರು ಇವನ್ನೇ ಗಾಂವಠಿ ಶಾಲೆಗಳೆಂದೂ ಕರೆದರು. ಇವುಗಳ ನಿಜವಾದ ಚಿತ್ರವು ನಮಗೆ ದೊರೆಯುವುದು ಕೊಪ್ಪಳದಾಚೆಯ ಬಳ್ಳಾರಿ ಜಿಲ್ಲೆಯಿಂದ. ಅಲ್ಲಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪಬೆಲ್ಲನು 1823ನೆಯ ಇಸವಿ ಆಗಸ್ಟ 17ರಂದು ಮದ್ರಾಸಿನ ರೆವಿನ್ಯೂ ಬೋರ್ಡಿಗೆ ಒಂದು ವರದಿಯನ್ನು ಕಳುಹಿದನು. ಗವರ್ನರ ಮನ್ರೋನ ಅಪ್ಪಣೆಯ ಮೇರೆಗೆ ಎಲ್ಲ ಕಲೆಕ್ಟರರೂ ಇಂಥ ವರದಿಗಳನ್ನು ಬರೆದರಾದರೂ ಹೆಚ್ಚಿನವರು ಅಂಕಿಗಳನ್ನು ತುಂಬಿ ಕೈತೊಳೆದುಕೊಂಡರು. ಕ್ಯಾಂಪಬೆಲ್ಲನಾದರೋ ಮಠದೊಳಗೆ ನಡೆಯುವುದನ್ನು ವಿವರವಾಗಿ ಬರೆದನು. ಅವನ ಲೆಕ್ಕದಂತೆ ಆ ಜಿಲ್ಲೆಯಲ್ಲಿ 533 ವಿದ್ಯಾಸ್ಥಾನಗಳಿದ್ದವು. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226, ಮರಾಠಿಯವು 23. ಉಳಿದವು ಪಾರಸಿ, ತಮಿಳು, ಇಂಗ್ಲಿಷ್ ಶಾಲೆಗಳು ಮತ್ತು ಸಂಸ್ಕೃತ ಪಾಠಸ್ಥಾನಗಳು. ಒಟ್ಟು ವಿದ್ಯಾರ್ಥಿಗಳು 6,641. ಒಂದೊಂದು ಮಠಕ್ಕೆ ಸರಾಸರಿ ಹನ್ನೆರಡು ಮಂದಿ ಹುಡುಗರೆಂದಾಯಿತು. ಹನ್ನೆರಡೂ ಮನೆಗಳ ಒಳಹೊರಗನ್ನು ಐಗಳು ಬಲ್ಲವರಾಗಿದ್ದರೆಂದು ಬೇರೆ ಹೇಳಬೇಕಾಗಿಲ್ಲ.

ಆ ವರದಿಯಲ್ಲಿ ನಮ್ಮ ವಿಷಯಕ್ಕೆ ಬಹು ಮುಖ್ಯವಾದ ಒಂದು ಸಂಗತಿಯಿದೆ. ಮಗುವಿಗೆ ಐದು ವರ್ಷ ತುಂಬಿದಾಗ ತಂದೆತಾಯಿಗಳು ಐಗಳನ್ನೂ ಮಠದ ಹುಡುಗರೆಲ್ಲರನ್ನೂ ತಮ್ಮ ಮನೆಗೆ ಕರೆಯುತ್ತಿದ್ದರು. ಗಣಪತಿಯ ಮೂರ್ತಿಯ ಸುತ್ತ ಎಲ್ಲರೂ ಕುಳಿತುಕೊಳ್ಳುವರು, ಹೊಸ ಹುಡುಗನನ್ನು ದೇವರ ಇದಿರಿಗೆ ಕುಳ್ಳಿರಿಸುವರು. ಐಗಳು ಮಗ್ಗುಲಲ್ಲಿ ಕುಳಿತು ಪ್ರಾರ್ಥನೆಯನ್ನು ಹೇಳಿಸಿ, ಅವನ ಬೆರಳನ್ನು ಹಿಡಿದು ಅಕ್ಕಿಯಲ್ಲಿ ದೇವರ ಹೆಸರನ್ನು ಬರೆಯಿಸುವರು. ಪಾಲಕರು ಶಕ್ತ್ಯನುಸಾರ ಕಾಣಿಕೆ ಕೊಟ್ಟು ಐಗಳನ್ನು ಬೀಳ್ಕೊಡುವರು. ಹುಡುಗನು ಮಠಕ್ಕೆ ಹೋಗುತ್ತಿದ್ದುದು ಮರುದಿನ ಮುಂಜಾನೆ. ಅಂದರೆ ಹುಡುಗನು ಗುರುವಿನ ಬಾಗಿಲಿಗೆ ಹೋಗುವುದಕ್ಕಿಂತ ಒಂದು ದಿವಸ ಮೊದಲು ಗುರುವೇ ಹುಡುಗನ ಮನೆಗೆ ಬರುತ್ತಿದ್ದನು! ಮೊದಲನೆಯ ಅಕ್ಷರವು ತಾಯಿಯ ಕಣ್ಣೆದುರಿಗೆ, ಮನೆಯ ಅಕ್ಕಿಯಲ್ಲಿ ಮೂಡುತ್ತಿದ್ದಿತು. ಪಾಲಕರ ಮತ್ತು ಶಿಕ್ಷಕರ ಮೊದಲ ಸಭೆ ಎಂದರೆ ಇದೇ. ಇದಕ್ಕೆ ಠರಾವಿನ ಪುಸ್ತಕವಿರಲಿಲ್ಲ.

ಮುಂದೆಯೂ ಈ ಸಂಬಂಧವು ಕಡಿಯುತ್ತಿರಲಿಲ್ಲ. ತಿಂಗಳಿಗೆ ಕಾಲು ರೂಪಾಯಿಯೋ ಅರ್ಧ ರೂಪಾಯಿಯೋ ಪಾಲಕನ ಕೈಯಿಂದಲೇ ಐಗಳ ಕೈಗೆ ಬೀಳುತ್ತಿದ್ದಿತು. ಹಬ್ಬ ಹುಣ್ಣಿವೆಗಳಲ್ಲಿ ಕಾಳುಕಡಿ ಸಲ್ಲುತ್ತಿದ್ದವು. ಕನ್ನಡ ನಾಡಿನ ಹಲವೆಡೆ ಮಹಾನವಮಿಯ ದಿನಗಳಲ್ಲಿ ಐಗಳು ಹುಡುಗರನ್ನು ಸಿಂಗರಿಸಿ ಮನೆಮನೆಗೂ ಕರೆದುಕೊಂಡು ಹೋಗಿ ಚೌಪದಗಳನ್ನು ಹಾಡಿಸುವ ವಾಡಿಕೆಯಿದ್ದಿತು. ಊರಿನವರು ಗುರುವಿಗೆ ಕಾಣಿಕೆಯನ್ನೂ ಹುಡುಗರಿಗೆ ತಿಂಡಿಯನ್ನೂ ಕೊಡುತ್ತಿದ್ದರು. ಇದನ್ನು ಭಿಕ್ಷೆಯೆಂದು ಹಳಿದವರುಂಟು. ಆದರೆ ವರ್ಷಕ್ಕೊಮ್ಮೆಯಾದರೂ ಊರಿನ ಪ್ರತಿಯೊಂದು ಹೊಸ್ತಿಲಿನ ಮುಂದೆ ನಿಂತು, ‘ನಿಮ್ಮ ಹುಡುಗನು ಇಷ್ಟು ಕಲಿತಿದ್ದಾನೆ, ಕೇಳಿರಿ’ ಎಂದು ತೋರಿಸಿಕೊಡುವ ಹೊಣೆ ಅದರಲ್ಲಿದ್ದುದನ್ನು ಅವರು ಮರೆತರು. ಇಂದಿನ ಪ್ರಗತಿಪತ್ರಕ್ಕೆ ಅಷ್ಟು ಗಂಟಲಿಲ್ಲ.

ಹಾಗೆಂದು ಆ ಕಾಲವನ್ನು ಹೊಗಳಿ ಕೂಡ್ರುವುದು ನಮ್ಮ ಉದ್ದೇಶವಲ್ಲ. ಐಗಳ ಬೆತ್ತವು ನಿರ್ದಯವಾದುದು. ಬೆಳಿಗ್ಗೆ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆದು, ಅನಂತರ ಬಂದವರಿಗೆಲ್ಲ ಬಂದ ಸರತಿಯಂತೆ ಏಟುಗಳನ್ನು ಹೆಚ್ಚಿಸುತ್ತಿದ್ದುದನ್ನು ಕ್ಯಾಂಪಬೆಲ್ಲನೇ ಬರೆದಿದ್ದಾನೆ. ಹೆಣ್ಣುಮಕ್ಕಳು ಆ ಮಠಗಳಲ್ಲಿ ಅತ್ಯಲ್ಪ. ಊರ ಹೊರಗಿನ ಕೇರಿಯ ಮಕ್ಕಳಿಗಂತೂ ಬಾಗಿಲು ಮುಚ್ಚಿದ್ದಿತು. ಐಗಳು ನಡೆದುಹೋಗುತ್ತಿದ್ದುದು ಕೆಲವೇ ಮನೆಗಳಿಗೆ ಎಂಬುದನ್ನು ಮರೆಯಲಾಗದು. ಕ್ಯಾಂಪಬೆಲ್ಲನು ಇನ್ನೊಂದು ಮಾತನ್ನೂ ಬರೆದಿಟ್ಟಿದ್ದಾನೆ: ವಿಲಾಯತಿ ಅರಿವೆಯು ಬಂದು ನೇಕಾರರ ಕೈಕಾಸು ಕುಗ್ಗಿತು. ಬಡತನವು ಹೆಚ್ಚಿ ಅನೇಕ ಪಾಲಕರಿಗೆ ಮಠದ ಅಲ್ಪ ಶುಲ್ಕವನ್ನೂ ತೆರಲಾಗದಾಯಿತು. ಎಳೆಯ ಮಕ್ಕಳು ಅಕ್ಷರವನ್ನು ಬಿಟ್ಟು ದುಡಿಮೆಗೆ ಹೋಗಹತ್ತಿದರು. ಮಗ್ಗದ ಸಪ್ಪಳವನ್ನು ಇಂದಿಗೂ ಕೇಳುವ ಗಜೇಂದ್ರಗಡದ ಓದುಗರಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳುವುದು ಅನಾವಶ್ಯಕ.

ಈಗ ನಮ್ಮ ಸೀಮೆಗೆ ಬರೋಣ. 1818ರಲ್ಲಿ ಪೇಶವಾಯಿ ಮುಳುಗಿದ ಬಳಿಕ ಧಾರವಾಡ ಸೀಮೆಯು ಕುಂಪಣಿಯವರ ಕೈಸೇರಿತು. ನರಗುಂದವು ಮಾತ್ರ ಭಾವೆಯವರ ಸಂಸ್ಥಾನವಾಗಿ ಇನ್ನೂ ನಾಲ್ವತ್ತು ವರ್ಷ ಉಳಿಯಿತು. ಅದರ ಕೊನೆಯ ದೊರೆಯಾದ ಭಾಸ್ಕರರಾವ, ಅಂದರೆ ಬಾಬಾಸಾಹೇಬನು ವಿದ್ಯಾಪಕ್ಷಪಾತಿಯಾಗಿದ್ದನು. ಅವನ ಸಂಸ್ಕೃತ ಗ್ರಂಥಸಂಗ್ರಹವು ಹೆಸರಾದುದು. ದತ್ತಕಕ್ಕೆ ಒಪ್ಪಿಗೆ ದೊರೆಯದೆ ಕೆರಳಿದ ಅವನು ದಂಗೆಯೆದ್ದನು. 1858ನೆಯ ಮೇ 29ರಂದು ಸುರೇಬಾನದಲ್ಲಿ ಮ್ಯಾನ್ಸನ್ ಸಾಹೇಬನ ಕೊಲೆಯಾಯಿತು. ಜೂನ್ 12ರಂದು ದೊರೆಯನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಇದು ಎಲ್ಲರೂ ಬಲ್ಲ ಕಥೆ. ಅದರ ಹಿಂದೆಯೇ ನರಗುಂದದ ಮಕ್ಕಳ ಓದುಬರಹವೂ ರೋಣದ ಮಕ್ಕಳ ಓದುಬರಹದಂತೆ ಮುಂಬಯಿ ಇಲಾಖೆಯ ವಿದ್ಯಾಖಾತೆಗೆ ಒಳಪಟ್ಟಿತೆಂಬುದನ್ನಷ್ಟೇ ಇಲ್ಲಿ ಗಮನಿಸಬೇಕಾಗಿದೆ.

ಆ ವಿದ್ಯಾಖಾತೆಯ ಆರಂಭವು ಕನ್ನಡ ಪಾಲಕರ ಮಟ್ಟಿಗೆ ಶುಭಕರವಾಗಿರಲಿಲ್ಲ. ಧಾರವಾಡ ಸೀಮೆಯ ಮೊದಮೊದಲಿನ ಸರಕಾರಿ ಶಾಲೆಗಳಲ್ಲಿ ಬೋಧನೆಯು ಹೆಚ್ಚಾಗಿ ಮರಾಠಿಯಲ್ಲಿ ನಡೆಯುತ್ತಿದ್ದಿತು. ಮಗನು ಓದುವುದು ತಂದೆಗೆ ತಿಳಿಯದು, ಮಾಸ್ತರನ ಮಾತು ತಾಯಿಗೆ ತಿಳಿಯದು. ಇಂಥ ಶಾಲೆಗೆ ಪಾಲಕನು ಏತಕ್ಕೆ ಹೋಗಬೇಕು? 1830ರ ಆಸುಪಾಸಿನಲ್ಲಿ ವಾಲ್ಟರ ಎಲಿಯಟ್ಟನು, ಕಿತ್ತೂರಿನ ಕಾಳಗದಲ್ಲಿ ಸೆರೆಸಿಕ್ಕು ಬಿಡುಗಡೆಯಾದ ಅದೇ ಎಲಿಯಟ್ಟನು, ಸ್ವಂತ ಹಣದಿಂದ ಧಾರವಾಡದಲ್ಲಿ ಕನ್ನಡ ಶಾಲೆಯನ್ನು ನಡೆಯಿಸಬೇಕಾಯಿತೆಂದರೆ ಆಗಿನ ಸ್ಥಿತಿಯು ಗೊತ್ತಾಗುವುದು. ಮುಂದೆ ರಸೆಲ್ ಸಾಹೇಬರೂ ಡೆಪ್ಯುಟಿ ಚನ್ನಬಸಪ್ಪನವರೂ (1834–1881) ಈ ಅನ್ಯಾಯವನ್ನು ತಿದ್ದಿದರು. ಚನ್ನಬಸಪ್ಪನವರು ಹಳ್ಳಿಹಳ್ಳಿಗಳಲ್ಲಿ ಕನ್ನಡ ಶಾಲೆಗಳನ್ನು ಹಬ್ಬಿಸಿದರು, ಶಿಕ್ಷಕರನ್ನು ತರಬೇತುಗೊಳಿಸಿದರು, ಶಾಲಾಪುಸ್ತಕಗಳನ್ನು ಸಿದ್ಧಗೊಳಿಸಿದರು. 1865ರಲ್ಲಿ ಶಿಕ್ಷಕರಿಗಾಗಿಯೇ ಹೊರಟ ಪತ್ರಿಕೆಗೆ ‘ಮಠಪತ್ರಿಕೆ’ ಎಂದು ಹೆಸರಿಟ್ಟರು. ಶಾಲೆಯು ಸರಕಾರದ್ದಾದರೂ ಜನರ ಬಾಯಲ್ಲಿ ಅದಿನ್ನೂ ಮಠವೇ ಆಗಿದ್ದಿತೆಂಬುದನ್ನು ಆ ಹೆಸರು ಹೇಳುತ್ತದೆ.

ಶಾಲೆಯ ವೆಚ್ಚದ ಕಥೆಯು ಇನ್ನೂ ಬೋಧಪ್ರದವಾಗಿದೆ. 1854ರ ಸುಮಾರಿಗೆ ಮುಂಬಯಿ ಇಲಾಖೆಯಲ್ಲಿ ಅರೆ ಸ್ವಾವಲಂಬಿ ಶಾಲೆಗಳೆಂಬ ಪದ್ಧತಿಯು ಬಳಕೆಗೆ ಬಂದಿತು. ಊರಿನವರು ಶಾಲೆಗೆ ಮನೆಯನ್ನೂ ಮಾಸ್ತರನ ಅರ್ಧ ಸಂಬಳವನ್ನೂ ಕೊಡುವುದಾದರೆ ಉಳಿದರ್ಧವನ್ನು ಸರಕಾರವು ಕೊಡತಕ್ಕದ್ದೆಂದು ಕರಾರು. ಅರ್ಧ ಊರಿನವನು, ಅರ್ಧ ಸರಕಾರದವನು, ಇಂಥ ಮಾಸ್ತರನು ಎರಡೂ ಕಡೆಗೆ ಮೋರೆ ತೋರಿಸಲೇಬೇಕಾಗುತ್ತಿದ್ದಿತು. ಆದರೆ ವರ್ಷವರ್ಷವೂ ಊರಿನಲ್ಲಿ ಪಟ್ಟಿಯೆತ್ತುವುದು ಸುಲಭವಾಗಿರಲಿಲ್ಲ. 1863ರ ಹೊತ್ತಿಗೆ ಕಂದಾಯದ ರೂಪಾಯಿಗೆ ಒಂದಾಣೆಯಂತೆ ಸ್ಥಳೀಕ ಕರವನ್ನು ಕೂಡಿಸಿ, ಅದರ ಮೂರರಲ್ಲೊಂದು ಪಾಲನ್ನು ಶಾಲೆಗಳಿಗೆ ತೆಗೆದಿರಿಸುವ ಏರ್ಪಾಡಾಯಿತು. 1869ರಲ್ಲಿ ಅದಕ್ಕೆ ಕಾಯಿದೆಯ ಬಲವೂ ಬಂದಿತು. ಊರಿನ ಗಣ್ಯರು ಕೂಡಿದ ಶಾಲಾ ಕಮಿಟಿಗಳೂ ಹುಟ್ಟಿದವು.

ಇದರಿಂದ ಶಾಲೆಗಳ ಸಂಖ್ಯೆಯು ಬೆಳೆದುದು ನಿಜ. ಒಂದಾಣೆಯ ಕರವಿಲ್ಲದಿದ್ದರೆ ಎರೆಯ ಸೀಮೆಯ ಎಷ್ಟೋ ಹಳ್ಳಿಗಳು ಶಾಲೆಯನ್ನು ಕಾಣುತ್ತಿರಲಿಲ್ಲ. ಆದರೆ ಅದೇ ಕರದಿಂದ ಒಂದು ಕಾಣದ ಹಾನಿಯೂ ಆಯಿತು. ಐಗಳಿಗೆ ಪಾಲಕನು ಕೊಡುತ್ತಿದ್ದ ಕಾಲು ರೂಪಾಯಿಯು ಕೈಯಿಂದ ಕೈಗೆ ಸಲ್ಲುತ್ತಿದ್ದಿತು. ಕೊಡುವಾಗ ನಾಲ್ಕು ಮಾತು ನಡೆಯುತ್ತಿದ್ದವು, ‘ಹುಡುಗನು ಬರೆಯುತ್ತಾನೆಯೆ, ಲೆಕ್ಕ ಬರುತ್ತದೆಯೆ’ ಎಂಬ ವಿಚಾರಣೆಯಾಗುತ್ತಿದ್ದಿತು. ಒಂದಾಣೆಯ ಕರವಾದರೋ ಕುಲಕರ್ಣಿಯ ಲೆಕ್ಕದಲ್ಲಿ ಸೇರಿ ಖಜಾನೆಗೆ ಹೋಗಿ, ಅಲ್ಲಿಂದ ಸಂಬಳವಾಗಿ ಮಾಸ್ತರನಿಗೆ ಬರುತ್ತಿದ್ದಿತು. ತಾನು ಶಾಲೆಗೆ ಹಣ ತೆತ್ತಿದ್ದೇನೆಂಬುದು ರೈತನಿಗೆ ತಿಳಿಯದು. ಯಾರ ಹಣದಿಂದ ತಾನುಣ್ಣುತ್ತೇನೆಂಬುದು ಮಾಸ್ತರನಿಗೆ ತಿಳಿಯದು. ಮಾಸ್ತರನ ವರ್ಷದ ಬೆಳೆಯು ಪರೀಕ್ಷೆಯ ದಿನ ಡೆಪ್ಯುಟಿಯವರು ಭೆಟ್ಟಿಯ ಪುಸ್ತಕದಲ್ಲಿ ಬರೆಯುವ ಶೇರಾದ ಮೇಲೆ ನಿಂತಿತು. ಅವನು ಉತ್ತರ ಹೇಳಬೇಕಾದುದು ಮೇಲಿನವರಿಗೆ. ಬಾಜೂ ಮನೆಯ ಪಾಲಕನಿಗೆ ಅವನೇನು ಹೇಳಬೇಕು? ಗುರುವು ಹೊಸ್ತಿಲನ್ನು ಬಿಟ್ಟು ಕಚೇರಿಯ ಕಡೆಗೆ ತಿರುಗಿದುದು ಈ ಕಾಲದಲ್ಲಿಯೇ. ಅವನ ಸ್ವಭಾವದಲ್ಲಿ ಕೊರತೆಯುಂಟಾಗಿ ಹೀಗಾಗಲಿಲ್ಲ. ಹಣದ ದಾರಿಯು ಬದಲಾದುದರಿಂದ ಹೀಗಾಯಿತು.

ಎರಡನೆಯ ಕಾರಣವು ಇನ್ನೂ ಕಹಿಯಾದುದು. ಶಾಲೆಯು ಜನರ ಕೈಗೆ ಮರಳಬೇಕೆಂಬ ಬಯಕೆಯು ದೇಶಾಭಿಮಾನಿಗಳಲ್ಲಿ ಬಲಿಯಿತು. 1918ರಲ್ಲಿ ವಿಠ್ಠಲಭಾಯಿ ಪಟೇಲರ ಪ್ರಯತ್ನದಿಂದ ಪುರಸಭೆಗಳಿಗೆ ಸಕ್ತಿಯ ಶಿಕ್ಷಣದ ಅಧಿಕಾರವು ದೊರೆಯಿತು. 1923ರ ಮುಂಬಯಿ ಪ್ರಾಥಮಿಕ ಶಿಕ್ಷಣದ ಕಾಯಿದೆಯು ಹಳ್ಳಿಯ ಶಾಲೆಗಳನ್ನು ಜಿಲ್ಲಾ ಲೋಕಲ್ ಬೋರ್ಡುಗಳಿಗೂ ಅವುಗಳ ಸ್ಕೂಲ್ ಬೋರ್ಡುಗಳಿಗೂ ಒಪ್ಪಿಸಿತು. ಉದ್ದೇಶವು ಉದಾತ್ತವಾದುದು. ಆದರೆ ಬೋರ್ಡಿನ ಜೊತೆಗೆ ಚುನಾವಣೆಯೂ, ಚುನಾವಣೆಯ ಜೊತೆಗೆ ಪಕ್ಷವೂ ಹಳ್ಳಿಗೆ ಬಂದವು. ನೇಮಕ, ಬಡ್ತಿ, ವರ್ಗಾವಣೆಗಳು ಸದಸ್ಯರ ಕೈಯಲ್ಲಿದ್ದುದರಿಂದ ಯಾರ ಓಣಿಯಲ್ಲಿ ಮಾಸ್ತರನು ನಕ್ಕು ಮಾತಾಡಿದನು, ಯಾರ ಮನೆಯ ಮದುವೆಗೆ ಹೋದನು, ಯಾರದಕ್ಕೆ ಹೋಗಲಿಲ್ಲ ಎಂಬುದೆಲ್ಲವೂ ಲೆಕ್ಕಕ್ಕೆ ಬಂದಿತು. 1929ರಲ್ಲಿ ಹಾರ್ಟಗ್ ಸಮಿತಿಯು ಸ್ಥಳೀಕ ಸಂಸ್ಥೆಗಳಿಗೆ ಇಷ್ಟು ಅಧಿಕಾರವನ್ನು ಬಿಟ್ಟುಕೊಟ್ಟುದು ಹೆಚ್ಚಾಯಿತೆಂದು ಹೇಳಿತು. ಅಕ್ಷರ ನಿಲ್ಲುವ ಮೊದಲೇ ಶಾಲೆ ಬಿಡುವ ಮಕ್ಕಳ ಕಡೆಗೂ, ಒಂದೇ ಇಯತ್ತೆಯಲ್ಲಿ ವರ್ಷಗಟ್ಟಲೆ ಉಳಿಯುವ ಮಕ್ಕಳ ಕಡೆಗೂ ದೇಶದ ಗಮನವನ್ನು ಸೆಳೆಯಿತು. 1938ರ ತಿದ್ದುಪಡಿಯಿಂದಲೂ 1947ರ ಹೊಸ ಕಾಯಿದೆಯಿಂದಲೂ ಸರಕಾರದ ಆಡಳಿತಾಧಿಕಾರಿಯ ಕೈ ಬಲವಾಯಿತು. 1956ರಲ್ಲಿ ಧಾರವಾಡ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿದ ತರುವಾಯ ಕಾಲಕ್ರಮದಲ್ಲಿ ಸ್ಕೂಲ್ ಬೋರ್ಡುಗಳೂ ಹೋಗಿ, ಶಾಲೆಗಳು ನೇರವಾಗಿ ಶಿಕ್ಷಣ ಇಲಾಖೆಗೆ ಸೇರಿದವು.

ಮಾಸ್ತರರು ಇದರಿಂದ ಕಲಿತ ಪಾಠವೇನು? ‘ಊರಿನವರ ಕೂಟದಿಂದ ದೂರವಿದ್ದವನೇ ಸುಖಿ’ ಎಂಬುದು. ಈ ಪಾಠವನ್ನು ಯಾವ ತರಬೇತಿಯ ಶಾಲೆಯಲ್ಲಿಯೂ ಕಲಿಸಲಿಲ್ಲ. ಹಿರಿಯ ಶಿಕ್ಷಕನು ಕಿರಿಯನಿಗೆ ಚಹದ ಅಂಗಡಿಯಲ್ಲಿ ಹೇಳಿಕೊಟ್ಟನು. ಇಂದಿನ ಶಿಕ್ಷಕರಿಗೆ 1923ರ ಕಾಯಿದೆಯ ಹೆಸರು ತಿಳಿಯದಿದ್ದರೂ ಅದರ ಅಂಜಿಕೆಯು ಬಳುವಳಿಯಾಗಿ ಬಂದಿದೆ.

ಇದಕ್ಕೆ ಎದುರಾದ ಉದಾಹರಣೆಗಳೂ ನಮ್ಮ ಸೀಮೆಯಲ್ಲಿವೆ. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ತರುಣ ಶಿಕ್ಷಕರು ಕೂಡಿ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸಾಯಿಟಿಯನ್ನು ಕಟ್ಟಿದಾಗ ಅವರ ಬಂಡವಾಳವು ಪಾಲಕರ ವಿಶ್ವಾಸವೇ ಆಗಿದ್ದಿತು. ಹಾಲಕೆರೆಯ ಅನ್ನದಾನೇಶ್ವರ ಮಠದವರು ನರೇಗಲ್ಲಿನಲ್ಲಿ ವಿದ್ಯಾಸಂಸ್ಥೆಗಳನ್ನು ನಡೆಯಿಸಿದುದೂ ಊರೂರ ಭಕ್ತರಾದ ಪಾಲಕರ ನೆರವಿನಿಂದಲೇ. ಜನರ ಬಳಿಗೆ ಹೋದ ಶಿಕ್ಷಕನನ್ನು ಜನರು ಬರಿಗೈಯಲ್ಲಿ ಕಳುಹಿದ ದಾಖಲೆಯು ನಮ್ಮಲ್ಲಿ ಕಡಿಮೆ.

ಹೊರದೇಶದ ಒಂದು ಸಂಗತಿಯನ್ನು ಇಲ್ಲಿ ನೆನೆಯಬಹುದು. ಪಾಲಕ–ಶಿಕ್ಷಕ ಸಂಘವೆಂದೊಡನೆ ಎಲ್ಲರೂ ಅಮೇರಿಕೆಯ ಕಡೆಗೆ ಬೆರಳು ತೋರಿಸುತ್ತಾರೆ. 1897ರ ಫೆಬ್ರುವರಿಯಲ್ಲಿ ವಾಶಿಂಗ್ಟನ್ನಿನಲ್ಲಿ ಆಲಿಸ್ ಬರ್ನಿ ಮತ್ತು ಫೀಬಿ ಹರ್ಸ್ಟ್ ಎಂಬ ಮಹಿಳೆಯರ ಮುಂದಾಳುತನದಲ್ಲಿ ಅದು ಹುಟ್ಟಿದಾಗ ಅದರ ಹೆಸರು ಬರಿಯ ‘ತಾಯಂದಿರ ರಾಷ್ಟ್ರೀಯ ಮಹಾಸಭೆ’ ಎಂದಿದ್ದಿತು. ಶಿಕ್ಷಕರ ಹೆಸರು ಅದರಲ್ಲಿ ಸೇರಿದುದು 1908ರಲ್ಲಿ. ತಾಯಂದಿರು ಮೊದಲು ಕೂಡಿದರು, ಮಾಸ್ತರರು ಹನ್ನೊಂದು ವರ್ಷ ತಡೆದು ಹೆಸರಿನೊಳಗೆ ಬಂದರು. ಅಲ್ಲಿಯೂ ಶಿಕ್ಷಕನ ಪ್ರವೇಶವೇ ಎರಡನೆಯ ಹೆಜ್ಜೆಯಾಗಿದ್ದಿತೆಂಬುದನ್ನು ನೋಡಿದರೆ ನಮ್ಮವರನ್ನು ಮಾತ್ರ ಹಿಂಜರಿಯುವವರೆಂದು ಜರೆಯಲು ಮನಸ್ಸು ಬರುವುದಿಲ್ಲ.

ಕರ್ನಾಟಕದಲ್ಲಿ ಈಗಿನ ಪದ್ಧತಿಯ ಮೂಲವು 2001ನೆಯ ಏಪ್ರಿಲ್ 28ರ ಸರಕಾರಿ ಆಜ್ಞೆಯಲ್ಲಿದೆ. ಡಾ. ರಾಜಾ ರಾಮಣ್ಣನವರ ಅಧ್ಯಕ್ಷತೆಯ ಕಾರ್ಯಪಡೆಯ ಶಿಫಾರಸನ್ನು ಅನುಸರಿಸಿ, ಹಿಂದಿನ ಗ್ರಾಮ ಶಿಕ್ಷಣ ಸಮಿತಿ ಮೊದಲಾದವುಗಳ ಸ್ಥಳದಲ್ಲಿ ಪ್ರತಿಯೊಂದು ಸರಕಾರಿ ಶಾಲೆಗೂ ‘ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ’ಯನ್ನು ಏರ್ಪಡಿಸಲಾಯಿತು. ಪಾಲಕರೇ ಪಾಲಕರೊಳಗಿಂದ ಒಂಬತ್ತು ಜನರನ್ನು ಆರಿಸತಕ್ಕದ್ದು. ಮುಖ್ಯಾಧ್ಯಾಪಕರು ಅದರ ಕಾರ್ಯದರ್ಶಿಗಳು. ಪಾಲಕನು ಶಾಲೆಯ ಒಡೆತನದಲ್ಲಿ ಪಾಲುಗಾರನೆಂದು ಇಷ್ಟು ಸ್ಪಷ್ಟವಾಗಿ ಹೇಳಿದ ಆಜ್ಞೆಯು ಅದಕ್ಕೆ ಮೊದಲು ಬಂದಿರಲಿಲ್ಲ, ಅದು ಶ್ಲಾಘ್ಯವೇ ಸರಿ. ಆದರೆ ಹೆಸರನ್ನು ಇಡುವಾಗ ಇನ್ನಿಷ್ಟು ವಿಚಾರ ಮಾಡಬಹುದಾಗಿತ್ತು. ‘ಮೇಲುಸ್ತುವಾರಿ’ ಎಂಬ ಶಬ್ದವನ್ನು ಕೇಳಿದೊಡನೆ ಶಿಕ್ಷಕನ ಮನಸ್ಸಿಗೆ ಬರುವುದು ಭೆಟ್ಟಿಯ ಪುಸ್ತಕ, ಶೇರಾ, ಬೋರ್ಡಿನ ಮೆಂಬರ. ಕೂಡಿ ಕುಳಿತುಕೊಳ್ಳೋಣ ಬಾ ಎಂದು ಕರೆಯುವಾಗಲೇ ನಿನ್ನನ್ನು ಕಾಯುತ್ತೇವೆಂದು ಹೇಳಿದಂತಾಯಿತು.

2009ರ ಶಿಕ್ಷಣ ಹಕ್ಕಿನ ಕಾಯಿದೆಯು 2010ನೆಯ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದರ 21ನೆಯ ಕಲಮಿನಂತೆ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರು, ಒಟ್ಟಿನಲ್ಲಿ ಅರ್ಧ ಹೆಂಗಸರು ಇರಬೇಕು. ಕೇಂದ್ರದ ಮಾದರಿ ನಿಯಮಗಳನ್ನು ನೋಡಿದರೆ ಉಳಿದ ಕಾಲುಪಾಲಿನಲ್ಲಿ ಮೂರನೆಯ ಒಂದಂಶ ಶಿಕ್ಷಕರದು, ಅಂದರೆ ಹನ್ನೆರಡು ಜನರಲ್ಲಿ ಒಬ್ಬರು. ಈ ಪ್ರಮಾಣವು ಯೋಗ್ಯವಾದುದೇ. ಸಮಿತಿಯು ಪಾಲಕರದಾಗಿಯೇ ಇರತಕ್ಕದ್ದು. ಆದರೆ ಸಮಿತಿಯಲ್ಲಿ ಒಬ್ಬರಿದ್ದಾರೆಂದು ಉಳಿದ ಶಿಕ್ಷಕರು ತಮ್ಮ ಹೊಣೆಯು ತೀರಿತೆಂದು ತಿಳಿಯುವುದು ತಪ್ಪು. ಅದೇ ಕಾಯಿದೆಯ 24ನೆಯ ಕಲಮನ್ನು ಓದಿದವರು ಕಡಿಮೆ. ಪಾಲಕರೊಡನೆ ನಿಯತವಾಗಿ ಸಭೆ ಕೂಡಿಸಿ ಮಗುವಿನ ಹಾಜರಿ, ಕಲಿಯುವ ಶಕ್ತಿ, ಕಲಿತ ಮಟ್ಟ ಇವುಗಳನ್ನು ಅವರಿಗೆ ತಿಳಿಸುವುದು ಪ್ರತಿಯೊಬ್ಬ ಶಿಕ್ಷಕನ ಕರ್ತವ್ಯವೆಂದು ಅದು ಹೇಳುತ್ತದೆ. ಮುಖ್ಯಾಧ್ಯಾಪಕನೊಬ್ಬನದೇ ಕರ್ತವ್ಯವೆಂದು ಅಲ್ಲಿಲ್ಲ. ಐಗಳು ಮಹಾನವಮಿಯಲ್ಲಿ ಹೊಸ್ತಿಲ ಮುಂದೆ ನಿಂತು ಮಾಡುತ್ತಿದ್ದುದನ್ನೇ ಕಾಯಿದೆಯು ಬೇರೆ ಮಾತಿನಲ್ಲಿ ಕೇಳುತ್ತಿದೆ.

ಇದು ಕೇವಲ ಶಿಷ್ಟಾಚಾರದ ಮಾತಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ನಮ್ಮ ಮೂರು ತಾಲೂಕುಗಳಲ್ಲಿ ಒಂದು ಮಗುವು ಪಟದಿಂದ ಜಾರಿ ಹೋಗುವ ಬಗೆಯನ್ನು ನೋಡಿರಿ. ಹತ್ತಿ ಬಿಡಿಸುವ ಕಾಲಕ್ಕೆ ಹುಡುಗಿಯು ಎಂಟು ದಿನ ಬರುವುದಿಲ್ಲ. ಸುಗ್ಗಿಗೆ ಮತ್ತೆ ಹತ್ತು ದಿನ. ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುವುದಕ್ಕೆ ಕೈ ಬೇಕಾದಾಗ ಮಧ್ಯಾಹ್ನದ ನಂತರ ಬರುವುದಿಲ್ಲ. ತಾಂಡೆಗಳಿಂದಲೂ ಒಣಬೇಸಾಯದ ಹಳ್ಳಿಗಳಿಂದಲೂ ಜನರು ಗೋವೆಗೆ, ಮಂಗಳೂರ ಕಡೆಗೆ ಗುಳೆ ಹೋಗುತ್ತಾರೆ. ಕೆಲವರು ಮಕ್ಕಳನ್ನು ಅಜ್ಜಿಯ ಬಳಿ ಬಿಡುತ್ತಾರೆ, ಕೆಲವರು ಕರೆದೊಯ್ಯುತ್ತಾರೆ. ಹಾಜರಿ ಪುಸ್ತಕದಲ್ಲಿ ಇದೆಲ್ಲವೂ ಒಂದೇ ಗುರುತಾಗಿ ಕಾಣುತ್ತದೆ. ಗುರುತಿನ ಹಿಂದಿನ ಕಾರಣವನ್ನು ಬಲ್ಲವಳು ತಾಯಿ. ಆ ಗುರುತಿನಿಂದಾಗುವ ಹಾನಿಯನ್ನು, ಭಾಗಾಕಾರವು ತಪ್ಪಿಹೋಯಿತು, ಒತ್ತಕ್ಷರವು ನಿಲ್ಲಲಿಲ್ಲ ಎಂಬುದನ್ನು, ಬಲ್ಲವರು ವರ್ಗದ ಶಿಕ್ಷಕರು. ಇವರಿಬ್ಬರೂ ಒಂದೆಡೆ ಕುಳಿತು ಮಾತಾಡದಿದ್ದರೆ ಮಗುವು ಎರಡು ಅರ್ಧಜ್ಞಾನಗಳ ನಡುವೆ ಕಳೆದುಹೋಗುತ್ತದೆ. ಮುಖ್ಯಾಧ್ಯಾಪಕರು ಸುತ್ತೋಲೆಯನ್ನೋದಿದರೆ ಇದು ಸರಿಹೋಗದು, ಯಾಕಂದರೆ ನಾಲ್ಕನೆಯ ಇಯತ್ತೆಯ ಆ ಹುಡುಗಿಯ ಭಾಗಾಕಾರವು ಅವರಿಗೂ ತಿಳಿಯದು.

ಶಿಕ್ಷಕರ ಕಡೆಯ ತೊಡಕುಗಳನ್ನೂ ಮುಚ್ಚಿಡಬೇಕಾಗಿಲ್ಲ. ಅನೇಕರು ಗದಗಿನಲ್ಲಿಯೋ ಇನ್ನೊಂದು ಪಟ್ಟಣದಲ್ಲಿಯೋ ಮನೆಮಾಡಿ ಬಸ್ಸಿನಿಂದ ಬಂದು ಬಸ್ಸಿನಿಂದ ಹೋಗುವವರು. ಸಭೆಯು ಸಂಜೆಗೆ ಲಂಬಿಸಿದರೆ ಬಸ್ಸು ತಪ್ಪುತ್ತದೆ. ಜನಗಣತಿ, ಚುನಾವಣೆ, ಲೆಕ್ಕಪತ್ರಗಳ ಹೊರೆ ಮೊದಲೇ ಇದೆ. ಸಭೆಯೆಂದರೆ ಶೌಚಾಲಯದ ಬಾಗಿಲು, ಕಂಪೌಂಡಿನ ಗೋಡೆ, ಅನುದಾನದ ಖರ್ಚು ಇವುಗಳದೇ ಮಾತು. ಅಲ್ಲಿ ವರ್ಗದ ಶಿಕ್ಷಕನಿಗೆ ಹೇಳುವುದಕ್ಕೇನೂ ಇಲ್ಲ, ಬೈಸಿಕೊಳ್ಳುವುದಕ್ಕೆ ಮಾತ್ರ ಬಹಳ ಇದೆ. ಇನ್ನೊಂದು ಸೂಕ್ಷ್ಮವಾದ ಮಾತುಂಟು. ತಮ್ಮ ಸ್ವಂತ ಮಕ್ಕಳನ್ನು ಪಟ್ಟಣದ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹಾಕಿದ ಶಿಕ್ಷಕರಿಗೆ ಕನ್ನಡ ಶಾಲೆಯ ಪಾಲಕರೆದುರು ಕುಳಿತುಕೊಳ್ಳುವಾಗ ಒಂದು ಬಗೆಯ ಸಂಕೋಚವಾಗುತ್ತದೆ. ಪಾಲಕರು ಅದನ್ನು ಬಾಯಿಬಿಟ್ಟು ಆಡುವುದಿಲ್ಲ, ಆದರೆ ಎಲ್ಲರಿಗೂ ಗೊತ್ತಿರುತ್ತದೆ. ಈ ಸಂಕೋಚವು ಕಳೆಯಬೇಕಾದರೂ ಕುಳಿತು ಮಾತಾಡುವುದೇ ದಾರಿ, ದೂರ ನಿಂತರೆ ಅದು ಬಲಿಯುತ್ತದೆ.

ಹಾಗಾದರೆ ಪ್ರೋತ್ಸಾಹವೆಂಬುದು ಯಾವುದು? ಮೊದಲು ಅಂಜಿಕೆಯನ್ನು ತೆಗೆಯುವುದು. ಸ್ಕೂಲ್ ಬೋರ್ಡಿನ ಕಾಲದ ಅನುಭವವು ಒಂದನ್ನು ಖಂಡಿತವಾಗಿ ತೋರಿಸಿದೆ: ನೌಕರಿಯ ಮಾತೂ ಮಕ್ಕಳ ಮಾತೂ ಒಂದೇ ಜಮಖಾನೆಯ ಮೇಲೆ ಕೂಡಲಾರವು. ಶಿಕ್ಷಕನ ಮೇಲೆ ದೂರಿದ್ದರೆ ಅದಕ್ಕೆ ಬೇರೆ ಸ್ಥಳವೂ ಬೇರೆ ದಿನವೂ ಇರಲಿ. ಪಾಲಕರ ಸಭೆಯಲ್ಲಿ ಮಗುವಿನ ಹೊರತು ಬೇರೆ ಹೆಸರು ಬಾರದಂತೆ ಅಧ್ಯಕ್ಷರಾದ ಪಾಲಕರು ನೋಡಿಕೊಳ್ಳಲಿ. ಹಾಗೆ ನೋಡಿಕೊಳ್ಳಬಲ್ಲ ಹಿರಿಯರೂ ತಾಯಂದಿರೂ ನಮ್ಮ ಹಳ್ಳಿಗಳಲ್ಲಿದ್ದಾರೆ. ಆ ಬಳಿಕ ಮಾತು ವರ್ಗವರ್ಗವಾಗಿ ನಡೆಯಲಿ. ಇಡೀ ಶಾಲೆಯ ಪಾಲಕರು ಒಟ್ಟಿಗೆ ಕುಳಿತಾಗ ಮಾತಾಡುವವರು ನಾಲ್ಕು ಮಂದಿ ಗಂಡಸರು. ಮೂರನೆಯ ಇಯತ್ತೆಯ ಹದಿನೈದು ತಾಯಂದಿರು ಆ ಇಯತ್ತೆಯ ಅಕ್ಕೋರ ಮುಂದೆ ಮೂರನೆಯ ಇಯತ್ತೆಯ ಕೋಣೆಯಲ್ಲಿಯೇ, ಮಕ್ಕಳ ಪಾಟಿ ಪುಸ್ತಕಗಳನ್ನು ತೆರೆದು ಕುಳಿತರೆ ಹದಿನೈದು ಮಂದಿಯೂ ಮಾತಾಡುತ್ತಾರೆ. ಓದು ಬಾರದ ತಾಯಿಗೆ ಅಲ್ಲಿ ನಾಚಿಕೆಯಿಲ್ಲ, ಮಗಳ ಅಕ್ಷರವು ಹೋದ ತಿಂಗಳಿಗಿಂತ ನೆಟ್ಟಗಾಗಿರುವುದನ್ನು ಕಣ್ಣಿನಿಂದ ನೋಡಿಯೇ ತಿಳಿಯಬಲ್ಲಳು.

ಸಭೆಯ ದಿನವನ್ನು ಸುತ್ತೋಲೆಯು ಗೊತ್ತುಪಡಿಸುವುದಕ್ಕಿಂತ ಊರಿನ ಪಂಚಾಂಗವು ಗೊತ್ತುಪಡಿಸುವುದು ಲೇಸು. ಬಿತ್ತಿಗೆಯ ವಾರದಲ್ಲಿ ಕರೆದು ಪಾಲಕರು ಬರಲಿಲ್ಲವೆಂದು ವರದಿ ಬರೆಯುವುದರಲ್ಲಿ ಅರ್ಥವಿಲ್ಲ. ನಮ್ಮ ಸೀಮೆಯಲ್ಲಿ ಅಮಾವಾಸ್ಯೆಗೆ ಎತ್ತುಗಳು ಕೊರಳುಹೂಡುವುದಿಲ್ಲ, ಸಂತೆಯ ದಿನ ಹೊಲದ ಕೆಲಸವು ಅರೆ. ಇಂಥ ದಿನಗಳು ಬೇಕಾದಷ್ಟಿವೆ. ಸಭೆಯಲ್ಲಿ ಕಳೆದ ಹೊತ್ತನ್ನು ಶಿಕ್ಷಕರ ಕೆಲಸದ ಹೊತ್ತೆಂದೇ ಇಲಾಖೆಯು ಎಣಿಸಬೇಕು, ಬಸ್ಸಿಗೆ ಸಮಯವಿರುವಂತೆ ಸಭೆಯನ್ನು ಮುಗಿಸಬೇಕು. ಇವು ಅಲ್ಪವಾದ ಏರ್ಪಾಡುಗಳೆಂದು ನಗುವವರು, ಕರವು ಕೈಯಿಂದ ಕೊಡುವ ಬದಲು ಕಂದಾಯದಲ್ಲಿ ಸೇರಿದ ಅಲ್ಪ ಬದಲಾವಣೆಯಿಂದ ಏನಾಯಿತೆಂಬುದನ್ನು ಮೇಲೆ ಓದಿದ್ದಾರೆ.

ಗುಳೆ ಹೋಗುವ ಮನೆಗಳ ಮಾತು ಬೇರೆ. ಅವರು ಯಾವ ಸಭೆಗೂ ಬರಲಾರರು, ಅವರ ಬಳಿಗೆ ಹೋಗಲೇಬೇಕು. ಹೊರಡುವ ಹೊತ್ತು ಊರಿನಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಅದಕ್ಕೆ ನಾಲ್ಕು ದಿನ ಮೊದಲು ವರ್ಗದ ಶಿಕ್ಷಕರೂ ಸಮಿತಿಯ ಒಬ್ಬ ತಾಯಿಯೂ ಕೂಡಿ ತಾಂಡೆಗೆ ಹೋಗಿ, ಮಗುವನ್ನು ಯಾರ ಬಳಿ ಬಿಡುತ್ತೀರಿ, ಕರೆದೊಯ್ದರೆ ಯಾವ ಊರಿಗೆ, ಯಾವ ತಿಂಗಳಲ್ಲಿ ಮರಳುತ್ತೀರಿ ಎಂದು ಕೇಳಿ ಬರೆದುಕೊಂಡರೆ, ಮರಳಿ ಬಂದ ದಿನ ಆ ಮಗುವನ್ನು ಅಪರಿಚಿತನಂತೆ ಹಿಂದಿನ ಸಾಲಿನಲ್ಲಿ ಕುಳ್ಳಿರಿಸುವ ಪ್ರಸಂಗವು ಬಾರದು. ಶಿಕ್ಷಕರೊಬ್ಬರೇ ಹೋದರೆ ಸರಕಾರದವರು ಬಂದರೆಂದು ಬಾಗಿಲು ಅರ್ಧ ತೆರೆದೀತು. ತಾಯಿಯೊಬ್ಬಳು ಜೊತೆಗಿದ್ದರೆ ಪೂರ್ತಿ ತೆರೆಯುತ್ತದೆ.

ಒಂದನೆಯ ಇಯತ್ತೆಗೆ ಹೆಸರು ಹಚ್ಚುವ ಕಾಲವು ವರ್ಷವರ್ಷವೂ ಬರುತ್ತದೆ. ಈಗ ಪಾಲಕರು ಜನ್ಮದಾಖಲೆಯನ್ನೂ ಆಧಾರ ಚೀಟಿಯನ್ನೂ ಹಿಡಿದು ಶಾಲೆಗೆ ಬಂದು ಸಾಲಿನಲ್ಲಿ ನಿಲ್ಲುತ್ತಾರೆ, ಅರ್ಜಿ ತುಂಬಿಸಿ ಹೋಗುತ್ತಾರೆ. ಆ ಅರ್ಜಿಗಳನ್ನು ಸಮಿತಿಯವರೂ ಶಿಕ್ಷಕರೂ ಹಂಚಿಕೊಂಡು, ಶಾಲೆ ತೆರೆಯುವ ಮೊದಲು ಓಣಿ ಓಣಿಗೆ ಒಂದೊಂದು ಸಂಜೆ ನಡೆದು ಹೋಗಬಹುದು. ಸಣ್ಣ ಹಳ್ಳಿಯಲ್ಲಿ ಹೊಸ ಮಕ್ಕಳು ಹತ್ತೋ ಹನ್ನೆರಡೋ, ಬಳ್ಳಾರಿ ಸೀಮೆಯ ಒಂದು ಮಠದಲ್ಲಿದ್ದಷ್ಟೇ. ಈ ಸಾರಿ ಊರ ಹೊರಗಿನ ಕೇರಿಯನ್ನೂ ತಾಂಡೆಯನ್ನೂ ಬಿಡದೆ, ಹೆಣ್ಣುಮಗುವಿನ ಮನೆಗೆ ಮೊದಲು ಹೋಗಬೇಕು. ಒಂದು ಮೊರದಲ್ಲಿ ಹಿಡಿ ಅಕ್ಕಿಯನ್ನೋ ಜೋಳವನ್ನೋ ಹರವಿ ಮಗುವಿನ ಬೆರಳು ಹಿಡಿದು ಅದರ ಹೆಸರನ್ನೇ ಬರೆಯಿಸುವುದಕ್ಕೆ ಯಾವ ಅನುದಾನವೂ ಬೇಡ.